ಬನ್ನಿಮರದ ಕ್ಯಾಮೆರಾ

ಆ ಹಾರ್ಡ್ ಡಿಸ್ಕ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅಂಗಿಯ ಕಿಸೆಯಲ್ಲಿಟ್ಟುಕೊಂಡರೆ ಭಾರವೇ ಗೊತ್ತಾಗುವುದಿಲ್ಲ. ನಮ್ಮ ಗುಡ್ಡದಲ್ಲಿ ತೋಳಗಳು ಎಷ್ಟಿವೆ ಎಂದು ನೋಡಲು ಬಂದ ಪ್ರಿಯಂವದಾ ಮೇಡಂ ಅದನ್ನು ಒಂದು ಟ್ಯಾಬಿನ ಜೊತೆ ನನ್ನ ಕೈಗೆ ಕೊಟ್ಟಿದ್ದರು. ಮರಗಳಿಗೆ ಕ್ಯಾಮೆರಾ ಕಟ್ಟಿದ್ದೆವು. ಎದುರಿಗೆ ಏನು ಸುಳಿದರೂ ತಾನೇ ಫೋಟೊ ಹೊಡೆಯುತ್ತದೆ. ಅದರ ಮೆಮೊರಿ ಕಾರ್ಡ್ ತೆಗೆದು ಟ್ಯಾಬಿಗೆ ಹಾಕಬೇಕು, ಟ್ಯಾಬಿನಿಂದ ಫೋಟೊಗಳನ್ನು ಡಿಸ್ಕಿಗೆ ಇಳಿಸಬೇಕು, ಕಾರ್ಡ್ ಖಾಲಿ ಮಾಡಿ ಮತ್ತೆ ಕ್ಯಾಮೆರಾದೊಳಗೆ ಇಡಬೇಕು. ವಾರಕ್ಕೊಮ್ಮೆ ಬ್ಯಾಡಗಿಯಲ್ಲಿ ಬಸ್ ಹತ್ತಿ ಹಾವೇರಿಯ ಅವರ ರೂಮಿಗೆ ಡಿಸ್ಕ್ ಮುಟ್ಟಿಸಬೇಕು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನ ಕಿಸೆಯಲ್ಲಿ ಇಂಥ ಸಾಮಾನು! ಊರಲ್ಲಿ ಎದೆ ಉಬ್ಬಿಸಿಕೊಂಡೇ ತಿರುಗುತ್ತಿದ್ದೆ.

ಒಂದು ಕ್ಯಾಮೆರಾಕ್ಕೆ ಬನ್ನಿಮರದ ಜಾಗ ತೋರಿಸಿದವನು ನಾನೇ. ಪೊದೆಗಳ ನಡುವೆ ಸವೆದ ಕಾಲುದಾರಿ ಇತ್ತು. ಇಲ್ಲಿ ಮಂದಿ ಓಡಾಡುತ್ತಾರೇನು ಎಂದು ಮೇಡಂ ಕೇಳಿದರು. ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ನಮ್ಮೂರ ಗಂಡಸರು ಗುಡ್ಡದ ಆ ಮಗ್ಗುಲಿಗೆ ಹೋಗುವುದಿಲ್ಲ. ಸಣ್ಣವನಿದ್ದಾಗ ಆಡುತ್ತ ಅತ್ತ ಹೋದರೆ ಅವ್ವ ಬೆನ್ನಿಗೆ ಬಾರಿಸಿ ಎಳೆದು ತರುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಗಂಡಸರು ಹೋಗದ ಜಾಗ ಎಂದರೆ ಯಾರೂ ಹೋಗದ ಜಾಗ ಎಂದೇ ನನ್ನ ತಲೆಯಲ್ಲಿತ್ತು.

ನಿನ್ನೆ ಮಧ್ಯಾಹ್ನ ಆ ಕ್ಯಾಮೆರಾದ ಕಾರ್ಡ್ ತೆಗೆದೆವು. ರಾಣೆಬೆನ್ನೂರಿನಿಂದ ಬೈಕಿನಲ್ಲಿ ಬರುವ ನನ್ನ ಜೊತೆಗಾರ ವಿಕ್ರಮ ಟ್ಯಾಬ್ ಹಿಡಿದು ಫೋಟೊ ಇಳಿಸುತ್ತಿದ್ದ. ತೋಳ ಮರಿಗಳ ಸಮೇತ ಫೋಟೊದಲ್ಲಿ ಬಿದ್ದಿದೆ ಎಂದು ಕುಣಿದ. ಆಮೇಲೆ ಕಿಸಕ್ಕನೆ ನಕ್ಕ.

“ನಿಮ್ಮೂರ ತೋಳ ಸೀರಿ ಉಡ್ತಾವಲ್ಲಲೇ.”

ನಾನೂ ನಕ್ಕೆ. ನೋಡುವ ಮೊದಲೇ ನಕ್ಕೆ. ನೋಡಿದೆ: ಯಾರದೋ ಬೆನ್ನು, ಕೈಯಲ್ಲಿ ತಂಬಿಗೆ. ಆಗಲೂ ನಗು ನಿಲ್ಲಲಿಲ್ಲ. ಮುಂದಿನದರಲ್ಲಿ ಮುಖ ಕಂಡಿತು. ನಮ್ಮ ಗೋಡೆಯಾಚೆಯ ಸೋಮವ್ವ, ಅವ್ವ ಜ್ವರ ಬಂದು ಮಲಗಿದಾಗ ನನಗೆ ರೊಟ್ಟಿ ಬಡಿದು ಹಾಕಿದವಳು. ಅವಳ ಹಿಂದೆ ಪೊದೆಯ ಮರೆಯಲ್ಲಿ ಇನ್ನೊಂದು ಸೆರಗು. ಆ ಸೆರಗಿನ ಹಳದಿ ತೇಪೆ ನನಗೆ ಗೊತ್ತು. ಅವ್ವ ನನ್ನೆದುರಿಗೇ ಕೂತು ಹಚ್ಚಿದ್ದು.

ವಿಕ್ರಮನ ಕೊರಳಪಟ್ಟಿ ಹಿಡಿದೆ. ಯಾಕೆಂದು ಅವನಿಗೆ ತಿಳಿಯಲಿಲ್ಲ. ಅಷ್ಟೊತ್ತಿಗೆ ಎಲ್ಲವೂ ಡಿಸ್ಕಿಗೆ ಇಳಿದು ಕಾರ್ಡ್ ಖಾಲಿಯಾಗಿತ್ತು.

“ಅಳಸಿಬಿಡಪಾ, ಅದಕ್ಯಾಕ ಹಿಂಗ ಮಾಡ್ತಿ” ಎಂದ, ಅಂಗಿ ಸರಿಮಾಡಿಕೊಳ್ಳುತ್ತ.

ಎಲ್ಲವನ್ನೂ ಒಮ್ಮೆಗೇ ಅಳಿಸಿದರೆ ಮೇಡಂ ತಿಂಗಳುಗಟ್ಟಲೆ ಕಾದ ಆ ಮರಿಗಳೂ ಹೋಗುತ್ತವೆ. ಬೇರೆ ಮಾಡಬೇಕೆಂದರೆ ಒಂದೊಂದನ್ನೂ ತೆರೆದು ನೋಡಬೇಕು. ಹಾಗೇ ಒಯ್ದು ಕೊಟ್ಟರೆ ಹಾವೇರಿಯಲ್ಲಿ ದೊಡ್ಡ ಪರದೆಯ ಮೇಲೆ ಹಾಕಿಕೊಂಡು ಕಾಲೇಜಿನ ಹುಡುಗರು ನೋಡುತ್ತಾರೆ. ಟ್ಯಾಬಿನ ಮೇಲೆ ಬೆರಳು ಇಟ್ಟೆ, ತೆಗೆದೆ. ನನ್ನಿಂದ ಆಗಲಿಲ್ಲ. ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಒಗೆದು ಮನೆಗೆ ನಡೆದೆ.

ತಂಗಿ ಕಾವ್ಯಾ ಬ್ಯಾಡಗಿಯಲ್ಲಿ ಬಿ.ಎ. ಓದುತ್ತಾಳೆ. ಅವಳನ್ನು ಪಕ್ಕಕ್ಕೆ ಕರೆದೆ. ಬನ್ನಿಮರ ಎಂದೆ, ಕ್ಯಾಮೆರಾ ಎಂದೆ. ಅಷ್ಟಕ್ಕೇ ಅವಳ ಮುಖ ಬಿಳಿಚಿತು. ಅವಳೂ ಅಲ್ಲಿಗೇ ಹೋಗುವವಳೆಂದು ನನಗೆ ಆಗ ಹೊಳೆಯಿತು. ಟ್ಯಾಬ್, ಡಿಸ್ಕ್ ಎರಡನ್ನೂ ಕಸಿದುಕೊಂಡು, ಅವ್ವನನ್ನು ಕರೆದು, ಅಡುಗೆಮನೆಯ ಕದ ಹಾಕಿಕೊಂಡಳು.

ನಾನು ಹಿತ್ತಲಲ್ಲಿ ಕೂತೆ. ಎದುರಿಗೆ ಪಂಚಾಯಿತಿಯಿಂದ ಕಟ್ಟಿಸಿದ ಸಂಡಾಸು. ಅದಕ್ಕೆ ನೀರು ಹೊರುವವರು ಯಾರು ಎಂದು ಜಗಳ ತೆಗೆದು, ಒಳಗೆ ಮೆಣಸಿನಕಾಯಿ ಚೀಲ ತುಂಬಿ ಬೀಗ ಜಡಿದವನು ನಾನು. ಅಡುಗೆಮನೆಯಿಂದ ಅವ್ವನ ದನಿ ಕೇಳಿಸಿತು: “ಅಯ್ಯ, ಇದು ಸೋಮವ್ವ.”

ಕಾವ್ಯಾ ಹೊರಗೆ ಬಂದು ಡಿಸ್ಕನ್ನು ಕಟ್ಟೆಯ ಮೇಲಿಟ್ಟಳು. ನನ್ನ ಕೈಗೆ ಕೊಡಲಿಲ್ಲ.

“ಈಗ ಅದರಾಗ ಬರೇ ತೋಳ ಅದಾವ. ಯಾರ್ಯಾರು ನೋಡೀರಿ?”

ವಿಕ್ರಮ ನೋಡಿದ್ದಾನೆ, ನೋಡಿ ನಕ್ಕಿದ್ದಾನೆ, ಅವನ ಹಲ್ಲು ಉದುರಿಸದೆ ಬಿಡುವುದಿಲ್ಲ ಎಂದೆ. ಇನ್ನೂ ಏನೇನೋ ಕೂಗಾಡಿದೆ.

“ನೀನೂ ನಕ್ಕಿಯೇನು, ಅಣ್ಣಾ?”

ಯಾರು ಏನು ಕೇಳಿದರೂ ತಿರುಗಿ ಬೀಳುವ ಬಾಯಿ ನನ್ನದು. ಈಗ ಅವಳಿಂದ ಮುಖ ತಿರುಗಿಸಿ ಸಂಡಾಸಿನ ಬೀಗ ನೋಡಿದೆ. ಕಾವ್ಯಾ ಒಳಗೆ ಹೋದಳು.

ಹೊತ್ತು ಮುಳುಗುತ್ತಿತ್ತು. ಗೋಡೆಯಾಚೆಯಿಂದ ಸೋಮವ್ವ ದಿನದಂತೆ ಅವ್ವನನ್ನು ಕರೆದಳು, “ಉಡಚವ್ವಾ, ಬರ್ತೀಯೇನ?”

ತಂಬಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬಂದ ಅವ್ವ ಅಲ್ಲೇ ನಿಂತಳು. ಗುಡ್ಡದ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

ಬೀಗದ ಕೈ ಎಲ್ಲಿಟ್ಟಿದ್ದೆನೋ ನೆನಪಾಗಲಿಲ್ಲ. ಕಲ್ಲು ಎತ್ತಿಕೊಂಡು ಬೀಗಕ್ಕೆ ಹೊಡೆದೆ. ಅದೇನು ಸಪ್ಪಳ ಎಂದು ಸೋಮವ್ವ ಗೋಡೆಯಾಚೆಯಿಂದ ಕೇಳಿದಳು. ನಾನು ಮತ್ತೆ ಕಲ್ಲು ಎತ್ತಿದೆ.