ನಲವತ್ತಾರಕ್ಕೆ ಬಂದ ಮೊಡವೆ

ತಳಕಲ್ಲಿನ ಹುಸೇನಪ್ಪನಿಗೆ ಹರೆಯದಲ್ಲಿ ಬಾರದ ಮೊಡವೆ ನಲವತ್ತಾರನೆಯ ವಯಸ್ಸಿನಲ್ಲಿ ಬಂತು. ಮೊದಲು ಗದ್ದದ ಕೆಳಗೆ ಎರಡೇ ಗುಳ್ಳೆ. ವಾರ ಕಳೆಯುವುದರೊಳಗೆ ಕುತ್ತಿಗೆಯವರೆಗೂ ಹಬ್ಬಿದವು. ಎಲ್ಲವೂ ಕೆಂಪಗೆ, ಕೆಲವಕ್ಕೆ ತುದಿಯಲ್ಲಿ ಕೀವು. ಅಂಗಿಯ ಕಾಲರು ತಾಗಿದರೂ ಚುರುಕ್ಕೆನ್ನುತ್ತಿತ್ತು.

ಒಂದೂವರೆ ತಿಂಗಳ ಹಿಂದಷ್ಟೇ ಅವನಿಗೆ ಮುನಿರಾಬಾದಿನ ಒಂದು ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತ್ತು. ಗುತ್ತಿಗೆಯ ಕೆಲಸವೇ. ಆದರೆ ಇಪ್ಪತ್ತೈದು ವರ್ಷ ಮಂದಿಯ ಹೊಲದಲ್ಲಿ ಎಡೆಕುಂಟೆ ಹೊಡೆದು, ಮೆಕ್ಕೆಜೋಳದ ಚೀಲ ಹೊತ್ತವನಿಗೆ ಫ್ಯಾನಿನ ಕೆಳಗೆ ಒಂದು ಕುರ್ಚಿ ಸಿಕ್ಕಿದ್ದು ಸಣ್ಣ ಮಾತಾಗಿರಲಿಲ್ಲ. ಮೊದಲ ದಿನ ಸಾಹೇಬರಾದ ಗೋವಿಂದರಾಜ ಅವನನ್ನು ಕರೆದು, "ನೋಡ್ರಿ ಹುಸೇನಪ್ಪ, ಹತ್ತು ಮಂದಿ ಬಂದು ಹೋಗೂ ಜಾಗಾ ಇದು. ದಿನಾ ಸ್ವಚ್ಛ ಇರಬೇಕು" ಎಂದಿದ್ದರು. ಹುಸೇನಪ್ಪನ ಕೈ ತಾನಾಗಿಯೇ ಗದ್ದದ ಮೇಲೆ ಹೋಯಿತು. ನಾಲ್ಕು ದಿನದ ಕುರುಚಲು ಗಡ್ಡ. ನಾಚಿಕೆಯಾಯಿತು.

ಅಲ್ಲಿಯವರೆಗೆ ವಾರಕ್ಕೊಮ್ಮೆ ಊರ ಕಟಿಂಗ್ ಅಂಗಡಿಯಲ್ಲಿ ಕೂತರೆ ಅವನ ಗಡ್ಡದ ಕತೆ ಮುಗಿಯುತ್ತಿತ್ತು. ಮರುದಿನದಿಂದ ದಿನಾ ನಸುಕಿನಲ್ಲಿ ಬಚ್ಚಲ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ತಾನೇ ಬ್ಲೇಡಿನಿಂದ ಗಡ್ಡ ಹೆರೆಯತೊಡಗಿದ. ಮೇಲಿನಿಂದ ಕೆಳಕ್ಕೆ ಒಂದು ಸಲ, ಚರ್ಮ ಎಳೆದು ಹಿಡಿದು ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಕೈಯಾಡಿಸಿದರೆ ಗಲ್ಲ ನುಣ್ಣಗಿರಬೇಕು, ಅಷ್ಟೇ ಅವನ ಆಸೆ.

ಗುಳ್ಳೆಗಳನ್ನು ಮೊದಲು ಕಂಡವಳು ಕಚೇರಿಯ ಗುಮಾಸ್ತೆ ಅನ್ನಪೂರ್ಣ. "ಏನ್ರಿ ಹುಸೇನಪ್ಪಣ್ಣ, ಹರೇ ತಿರುಗಿ ಬಂತೇನು?" ಎಂದು ನಕ್ಕಳು. ಅವನೂ ನಕ್ಕ. ಮನೆಯಲ್ಲಿ ಹೆಂಡತಿ ಹೊಳಿಯಮ್ಮ, "ಉಷ್ಣ ಆಗೈತಿ ನಿಮಗ" ಎಂದು ಎರಡು ಹೊತ್ತು ಮಜ್ಜಿಗೆ ಕುಡಿಸಿದಳು. ಪಿಯುಸಿ ಓದುವ ಮಗಳು ಮೇಘಾ ತನ್ನ ಮೊಡವೆಯ ಕ್ರೀಮು ತಂದುಕೊಟ್ಟಳು. "ಯಪ್ಪಾ, ಸ್ವಲ್ಪಾನ ಹಚ್ಚು" ಅಂದಿದ್ದಳು. ಬೇಗ ಹೋಗಲಿ ಎಂದು ಅವನು ದಪ್ಪಗೆ ಬಳಿದುಕೊಂಡ. ಬೆಳಗಾಗುವಷ್ಟರಲ್ಲಿ ಕುತ್ತಿಗೆ ಉರಿದು, ಚರ್ಮ ಸುಲಿದು ಬಂದಿತ್ತು. ಅದರ ಮೇಲೇ ಬ್ಲೇಡು ಎಳೆದುಕೊಂಡು ಕೆಲಸಕ್ಕೆ ಹೋದ.

ಅವತ್ತು ಹೊರಗಿನಿಂದ ಬಂದ ಅಧಿಕಾರಿಯೊಬ್ಬರಿಗೆ ಚಹಾ ಕೊಡುವಾಗ ಅವರ ಕಣ್ಣು ಅವನ ಕುತ್ತಿಗೆಯ ಮೇಲೆ ನಿಂತಿತು. ಕಾಲರಿಗೆ ರಕ್ತ ಹತ್ತಿತ್ತು. ಅವರು ಕಪ್ಪು ತೆಗೆದುಕೊಂಡು ಮೇಜಿನ ಮೇಲಿಟ್ಟರು, ಕುಡಿಯಲಿಲ್ಲ. ಆರಿದ ಚಹಾವನ್ನು ಮೋರಿಗೆ ಚೆಲ್ಲಿ, ಹುಸೇನಪ್ಪ ಕಾಲರನ್ನು ಒಳಕ್ಕೆ ಮಡಚಿಕೊಂಡ.

ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದ. ಹೊಳಿಯಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಜ್ಜಿಗಿ ಸಾಕು. ನಾಳೆ ರಜಾ ಹಾಕ್ರಿ. ಕೊಪ್ಪಳಕ್ಕ ಹೋಗೂಣು."

ಕೊಪ್ಪಳದ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಮೆಹಜಬೀನ ಎಂಬ ಹೆಣ್ಣುಮಗಳು. ಅವನ ಗದ್ದ ಎತ್ತಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಮೊಡವಿ ಅಂತ ಯಾರ್ ಹೇಳಿದ್ರು?"

"ಎಲ್ಲಾರೂ ಅಂತಾರ್ರಿ, ಮೇಡಮ್ಮಾರ."

"ಅಲ್ಲ. ಬರ್ರಿ, ನೀವ ನೋಡ್ರಿ" ಎಂದು ಹೊಳಿಯಮ್ಮನನ್ನು ಕರೆದು ಭೂತಗನ್ನಡಿ ಕೊಟ್ಟರು. ಒಂದು ಗುಳ್ಳೆಯೊಳಗೆ ಕರಿ ದಾರದ ಉಂಗುರದಂತೆ ಏನೋ ಕಂಡಿತು.

"ಅವ್ವಾ, ಕೂದಲ ಐತಲ್ರಿ!"

"ಹೌದು. ಇವರದು ಗುಂಗುರು ಗಡ್ಡ. ಉಲ್ಟಾ ಹೆರದ್ರ ಕೂದಲದ ತುದಿ ಚೂಪಾಗತೈತಿ, ಬೆಳಿಯೂವಾಗ ಬಾಗಿ ಹೊಳ್ಳಿ ಚರ್ಮಕ್ಕ ಚುಚಗೊಂತೈತಿ. ಅದಕ್ಕ ಗುಳ್ಳಿ ಏಳತಾವ."

ಹುಸೇನಪ್ಪ ಕೇಳಬೇಕೆಂದುಕೊಂಡಿದ್ದು ಒಂದೇ ಮಾತು. "ಮಂದಿಗೆ ಅಂಟತೈತೇನ್ರಿ?"

"ಯಾರಿಗೂ ಅಂಟಂಗಿಲ್ರಿ."

ಅವನು ದೊಡ್ಡದಾಗಿ ಉಸಿರು ಬಿಟ್ಟ. ಆದರೆ ಮುಂದಿನ ಮಾತು ಕೇಳಿ ಮತ್ತೆ ಮುಖ ಬಾಡಿತು. ಒಂದು ತಿಂಗಳು ಬ್ಲೇಡು ಮುಟ್ಟುವಂತಿಲ್ಲ. ದಿನಾ ಬಿಸಿನೀರಿನ ಬಟ್ಟೆ ಒತ್ತಬೇಕು, ಕೀವಿದ್ದಲ್ಲಿ ಮುಲಾಮು ಹಚ್ಚಬೇಕು. ಆಮೇಲೂ ಮಶೀನಿನಲ್ಲಿ ಸಣ್ಣಗೆ ಕತ್ತರಿಸಿಕೊಳ್ಳಬೇಕೇ ಹೊರತು ಹೆರೆಯಬಾರದು.

"ಗಡ್ಡ ಬಿಟ್ರ ನೌಕರಿ ಹೋಗತೈತ್ರಿ" ಎಂದ. ಮೆಹಜಬೀನ ನಗಲಿಲ್ಲ. ಇನ್ನೊಂದು ಚೀಟಿ ತೆಗೆದುಕೊಂಡು ಸಾಹೇಬರಿಗೆ ನಾಲ್ಕು ಸಾಲು ಬರೆದುಕೊಟ್ಟರು.

ಮರುದಿನ ಆ ಚೀಟಿ ಹಿಡಿದು ಹುಸೇನಪ್ಪ ಸಾಹೇಬರ ಮುಂದೆ ನಿಂತ. ಗೋವಿಂದರಾಜ ಎರಡು ಸಲ ಓದಿದರು.

"ಗಡ್ಡ ಬಿಡಬ್ಯಾಡ್ರಿ ಅಂತ ನಿಮಗ ಯಾರಂದ್ರು?"

"ನೀವ ಅಂದಿದ್ರಲ್ರಿ ಸಾಹೇಬ್ರ. ದಿನಾ ಸ್ವಚ್ಛ ಇರಬೇಕು ಅಂತ."

ಸಾಹೇಬರು ಕನ್ನಡಕ ತೆಗೆದು ಅವನ ಕುತ್ತಿಗೆ ನೋಡಿದರು. "ಅಯ್ಯ ಮಾರಾಯಾ, ನಾ ಅಂದಿದ್ದು ಆಫೀಸು! ಅವತ್ತು ಹೊರಗ ಕಸಾ ಹಂಗ ಬಿದ್ದಿತ್ತು, ಗುಡಿಸ್ಲಿ ಅಂತ ಹೇಳಿದ್ದೆ."

ಪಕ್ಕದ ಮೇಜಿನಲ್ಲಿದ್ದ ಅನ್ನಪೂರ್ಣ ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ನಕ್ಕವನು ಹುಸೇನಪ್ಪನೇ. ಆಮೇಲೆ ಎಲ್ಲರೂ ನಕ್ಕರು. ಮಧ್ಯಾಹ್ನ ಸಾಹೇಬರು ಅವನ ಕೈಯಿಂದಲೇ ಚಹಾ ಇಸಿದುಕೊಂಡು, ಇನ್ನೊಂದು ಕಪ್ಪನ್ನು ಅವನಿಗೇ ಕೊಟ್ಟು ಕೂರಿಸಿದರು.

ಮೂರನೆಯ ವಾರಕ್ಕೆ ಉರಿ ಇಳಿಯಿತು. ತಿಂಗಳಿಗೆ ಗುಳ್ಳೆಗಳು ಕುಗ್ಗಿ, ಕಪ್ಪು ಕಲೆಗಳಷ್ಟೇ ಉಳಿದವು. ಅವುಗಳ ಮೇಲೆ ಅರ್ಧ ಬಿಳಿ, ಅರ್ಧ ಕರಿ ಗಡ್ಡ ಬಂತು.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಮೇಘಾ ಅಂಗಳದಲ್ಲಿ ಅಪ್ಪನನ್ನು ಕೂರಿಸಿಕೊಂಡು ಮಶೀನು ಹಿಡಿಯುತ್ತಾಳೆ. ಕಿವಿಯ ಕೆಳಗೆ ಬಂದರೆ ಅವನಿಗೆ ಕಚಗುಳಿ. "ಯಪ್ಪಾ, ಅಳ್ಳಾಡಬ್ಯಾಡ, ಸೊಟ್ಟ ಆಗತೈತಿ" ಎಂದು ಅವಳು ಗದರುತ್ತಾಳೆ.

"ಮೀಸಿಗೆ ಕೈ ಹಚ್ಚಬ್ಯಾಡ ಮತ್ತ, ಅದು ನನ್ನ ಪಾಲಿಂದು" ಎಂದು ಒಳಗಿನಿಂದ ಹೊಳಿಯಮ್ಮ ಕೂಗುತ್ತಾಳೆ. ಹುಸೇನಪ್ಪ ಕಣ್ಣು ಮುಚ್ಚಿಕೊಂಡು, ಗದ್ದವನ್ನು ಮಗಳ ಅಂಗೈಯಲ್ಲಿಟ್ಟು ಕೂರುತ್ತಾನೆ.