ಒಂದೇ ಚಂದ್ರ, ಒಂದೇ ರಜ

ಹಲಸೂರಿನ ಆ ದಿನಸಿ ಅಂಗಡಿಗೆ ಸೇರಿದ ಮೇಲೆ ಆಂಜನಮ್ಮನಿಗೆ ಹಬ್ಬಗಳೆಂದರೆ ಮೈಯುರಿಯುತ್ತಿತ್ತು. ದೇವರ ಮೇಲೆ ಸಿಟ್ಟಲ್ಲ ಪಾಪ, ರ‍್ಯಾಕಿನ ಮೇಲೆ. ಬೆಲ್ಲದ ಪೊಟ್ಟಣಗಳನ್ನು ಗೋಡೌನಿನಿಂದ ಹೊತ್ತು ತಂದು, ಒಂದರ ಮೇಲೊಂದು ಜೋಡಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ರ‍್ಯಾಕು ಮತ್ತೆ ಖಾಲಿ. ಹಳೆಯ ಪೊಟ್ಟಣ ಮುಂದಿರಬೇಕು, ಹೊಸದು ಹಿಂದಿರಬೇಕು ಎಂಬುದು ಮಾಲೀಕರ ಕಟ್ಟಪ್ಪಣೆ. ಆದರೆ ಇಂದಿರಾನಗರದ ಕಡೆಯಿಂದ ಕಾರಿನಲ್ಲಿ ಬರುವ ಅಮ್ಮನವರು ಸುಮ್ಮನಿರುತ್ತಾರೆಯೇ? ಭುಜದವರೆಗೂ ಕೈ ತೂರಿಸಿ ಹಿಂದಿನದನ್ನೇ ಎಳೆಯುತ್ತಾರೆ. ಮುಂದಿನವು ದಬದಬನೆ ನೆಲಕ್ಕೆ ಬೀಳುತ್ತವೆ. "ಸರಿಯಾಗಿ ಜೋಡ್ಸೋಕೂ ಬರಲ್ವೇನಮ್ಮ?" ಎಂದು ಬೈಸಿಕೊಳ್ಳುವವಳು ಮಾತ್ರ ಆಂಜನಮ್ಮ. ಗಿರಾಕಿಗಳೇ ಕೈಯಾರೆ ತೆಗೆದುಕೊಳ್ಳುವ ಅಂಗಡಿ ಆಗ, ತೊಂಬತ್ತೆರಡರಲ್ಲಿ, ಆ ಕಡೆಗೆಲ್ಲ ಹೊಸದು. ಜನಕ್ಕೆ ಅದೊಂದು ಆಟ, ಜೋಡಿಸುವವರಿಗೆ ಪ್ರಾಣಸಂಕಟ.

ಅದರ ಮೇಲೆ ಆ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಹೇಳಿಕೊಂಡು ಬಂದಂತೆ ಜೊತೆಯಾಗಿ ಬಂದವು. ಹೋಳಿಗೆಗೆ ಬೆಲ್ಲ, ಕಡಲೆಬೇಳೆ. ಈದಿಗೆ ಶಾವಿಗೆ, ಖರ್ಜೂರ, ತುಪ್ಪ. ಇನ್ನು ಯುಗಾದಿಯ ಮಾರನೆಯ ದಿನ ಹೊಸತೊಡಕು, ಆ ಸೀಮೆಯ ಮನೆಮನೆಯಲ್ಲೂ ಮಾಂಸದ ಸಾರು ಕುದಿಯಲೇಬೇಕಾದ ದಿನ. ಅದಕ್ಕೆ ಧನಿಯಾ, ಗಸಗಸೆ, ಚಕ್ಕೆ, ಲವಂಗ. ಇಷ್ಟಕ್ಕೂ ಸೇರಿ ಇದ್ದದ್ದು ಒಂದೇ ಸಾಲು ರ‍್ಯಾಕು, ನೋಡಿಕೊಳ್ಳಲು ಇಬ್ಬರು ಹೆಂಗಸರು. ಒಬ್ಬಳು ಆಂಜನಮ್ಮ, ಇನ್ನೊಬ್ಬಳು ಶಿವಾಜಿನಗರದ ಫಹ್ಮಿದಾ.

ಫಹ್ಮಿದಾ ಇನ್ನೂ ಚಿಕ್ಕ ವಯಸ್ಸಿನವಳು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಿಂಗಳಿಡೀ ಉಪವಾಸವಿದ್ದುಕೊಂಡೇ ಎಣ್ಣೆಯ ಟಿನ್ನುಗಳನ್ನು ಎತ್ತಿಡುತ್ತಿದ್ದಳು. ಅವಳೆದುರು ನೀರು ಕುಡಿಯಲು ಆಂಜನಮ್ಮನಿಗೆ ಮನಸ್ಸು ಬಾರದು. ಅಕ್ಕಿ ಮೂಟೆಗಳ ಹಿಂದೆ ಹೋಗಿ ಕದ್ದು ಕುಡಿಯುತ್ತಿದ್ದಳು. ಒಮ್ಮೆ ಸಿಕ್ಕಿಬಿದ್ದಾಗ ಫಹ್ಮಿದಾ ಬಿದ್ದು ಬಿದ್ದು ನಕ್ಕಳು. "ಅರೆ ಅಕ್ಕಾ, ಎದುರಿಗೇ ಕುಡೀರಿ. ನಿಮ್ಮ ನೀರು ನೋಡಿದ್ರೆ ನನ್ನ ರೋಜಾ ಎಲ್ಲೂ ಓಡಿಹೋಗಲ್ಲ."

ಮ್ಯಾನೇಜರ್ ಮುನಿರಾಜಪ್ಪ ಕೆಟ್ಟವನಲ್ಲ, ಆದರೆ ಮಾಲೀಕರು ತಲೆಯ ಮೇಲೆ ಕೂತಿದ್ದರಿಂದ ಅವನು ಇವರ ತಲೆಯ ಮೇಲೆ ಕೂತಿದ್ದ. ಹಬ್ಬ ಹತ್ತಿರವಾದಾಗ ಇಬ್ಬರನ್ನೂ ಕರೆದು ಹೇಳಿದ: "ನಿಮ್ಮಿಬ್ಬರಲ್ಲಿ ದಿನಕ್ಕೆ ಒಬ್ಬರಿಗೇ ರಜ. ಹೇಳ್ದೆ ಕೇಳ್ದೆ ಮನೇಲಿ ಕೂತವರು ಆಮೇಲೆ ಅಲ್ಲೇ ಕೂತಿರಬಹುದು, ಇಲ್ಲಿಗೆ ಬರೋದು ಬೇಡ."

ಇಬ್ಬರೂ ಕೂತು ಲೆಕ್ಕ ಹಾಕಿದರು. ಯುಗಾದಿಯ ದಿನ ಇಬ್ಬರೂ ಕೆಲಸಕ್ಕೆ ಬರುವುದು. ಅಂದು ಸಂಜೆ ಚಂದ್ರ ಕಾಣದಿದ್ದರೆ ಈದ್ ಒಂದು ದಿನ ಮುಂದಕ್ಕೆ ಹೋಗುತ್ತದೆ. ಆಗ ಹೊಸತೊಡಕಿಗೆ ಆಂಜನಮ್ಮನಿಗೆ ರಜ, ಅದರ ಮರುದಿನ ಫಹ್ಮಿದಾಗೆ ರಜ. ಚಂದ್ರ ಕಂಡುಬಿಟ್ಟರೆ ಹೊಸತೊಡಕು, ಈದ್ ಎರಡೂ ಒಂದೇ ದಿನ. ಆಗ ರಜ ಫಹ್ಮಿದಾಗೆ, ಏಕೆಂದರೆ ಅವಳದು ವರ್ಷದ ದೊಡ್ಡ ಹಬ್ಬ. ಹೀಗೆ ಹೇಳಿದ್ದು ಆಂಜನಮ್ಮನೇ. ಹೇಳುವಾಗ ಧಾರಾಳವಾಗಿಯೇ ಹೇಳಿದ್ದಳು.

ಆದರೆ ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ದೊಡ್ಡನೆಕ್ಕುಂದಿಯಿಂದ ಅಣ್ಣನ ಸೊಸೆ ಧನಲಕ್ಷ್ಮಿ ಕೆ.ಆರ್.ಪುರದ ಆಂಜನಮ್ಮನ ಮನೆಗೆ ಬಂದು ಬಾಗಿಲು ತಟ್ಟಿದಳು. "ಅತ್ತೆ, ಈ ಸಲ ಹೊಸ್ತೊಡ್ಕಿಗೆ ಮಾವ ನಿಮ್ಮನೇಗೇ ಊಟಕ್ಕೆ ಬರ್ತಾರಂತೆ. ನೀವು ಮನೇಲಿದ್ರೆ ಸಾಕು ಅಂದ್ರು."

ಆಂಜನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡ ಸತ್ತಾಗ ಅಣ್ಣ ಬೈಲಪ್ಪ ನನ್ನ ಮನೆಗೇ ಬಂದು ಇರು ಎಂದಿದ್ದ. ಇವಳು ಒಲ್ಲೆ ಎಂದು ಅಂಗಡಿಗೆ ಸೇರಿದಳು. "ನಮ್ಮನೆ ಹೆಣ್ಣು ಕಂಡೋರ ಅಂಗಡೀಲಿ ಮೂಟೆ ಹೊರೋದಾ? ನೀನು ಅದನ್ನ ಬಿಡೋವರ್ಗೂ ನಿನ್ನ ಹೊಸ್ಲು ತುಳಿಯಲ್ಲ" ಎಂದು ಟವೆಲ್ಲು ಕೊಡವಿ ಎದ್ದುಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಇವಳೂ ಹೋಗಿ ಕರೆಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಟದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ. ಅಂಥ ಅಣ್ಣ ತಾನಾಗಿ ಬರುತ್ತೇನೆ ಎಂದಿದ್ದಾನೆ. ಬಂದವನು ಬಾಗಿಲಿಗೆ ಬೀಗ ನೋಡಿದರೆ, ಅದೂ ಇದೇ ಅಂಗಡಿಯ ದೆಸೆಯಿಂದ, ಈ ಜನ್ಮದಲ್ಲಿ ಇನ್ನು ಬರುವುದಿಲ್ಲ.

ಯುಗಾದಿಯ ದಿನ ಆಂಜನಮ್ಮ ಎಣ್ಣೆ ಸ್ನಾನ ಮಾಡಿ, ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಬಂದಳು. ಅಣ್ಣ ಬರುವ ವಿಷಯ ಫಹ್ಮಿದಾಗೆ ಹೇಳಿದಳು, ರಜ ಮಾತ್ರ ಕೇಳಲಿಲ್ಲ. ಮಧ್ಯಾಹ್ನದವರೆಗೆ ಬೆಲ್ಲ ಕೇಳುತ್ತಿದ್ದವರು ಮಧ್ಯಾಹ್ನದ ಮೇಲೆ ಶಾವಿಗೆ ಕೇಳತೊಡಗಿದರು. ಬೆಲ್ಲವನ್ನೆಲ್ಲ ಕೆಳಗಿಳಿಸಿ ಶಾವಿಗೆ ಏರಿಸಿದ್ದಾಯಿತು. ಏರಿಸಿ ಮುಗಿಯುವಷ್ಟರಲ್ಲಿ ಮುನಿರಾಜಪ್ಪ ಬಂದು, ಶಾವಿಗೆ ಕೆಳಗಿರಲಿ, ಮಸಾಲೆ ಕಣ್ಣಿಗೆ ಕಾಣುವ ಹಾಗಿರಲಿ ಎಂದ. ಮತ್ತೆ ಇಳಿಸಿದರು, ಮತ್ತೆ ಏರಿಸಿದರು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಬಾಯಿ ಒಳಗೊಳಗೇ ಬೇಡಿಕೊಳ್ಳುತ್ತಿತ್ತು. ಇವತ್ತು ಕಾಣಬೇಡಪ್ಪ ಚಂದ್ರ, ಒಂದೇ ಒಂದು ದಿನ ತಡೆದು ಬಾ.

ಬೇಡಿಕೊಳ್ಳುವುದಕ್ಕೂ ಹೆದರಿಕೆಯೇ. ಯುಗಾದಿಯ ಸಂಜೆ ಚಂದ್ರನನ್ನು ನೋಡಿ ಕೈಮುಗಿಯುವುದು ಅವಳ ಮನೆಯ ಪದ್ಧತಿ. ನೋಡಿದ ಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು. ಹುಟ್ಟಿದಾಗಿನಿಂದ ಕಾಣಲಿ ಕಾಣಲಿ ಎಂದು ಮುಗಿಲು ನೋಡಿದವಳು ಈಗ ಕಾಣಬೇಡ ಎನ್ನುತ್ತಿದ್ದಳು.

ಹೊತ್ತು ಮುಳುಗುವ ಸಮಯಕ್ಕೆ ಮುನಿರಾಜಪ್ಪ ಕರೆದ. "ಇಬ್ರೂ ಟೆರೇಸಿಗೆ ಹೋಗಿ ನೋಡ್ಕೊಂಡು ಬನ್ನಿ. ಬೇಗ ಹೇಳ್ಬೇಕು, ನಾನು ಮನೆಗೆ ಹೊರಡ್ಬೇಕು."

"ಮಸೀದೀಲಿ ಹೇಳೋವರ್ಗೂ ಕಾಯಕ್ಕಾಗಲ್ವಾ ಸಾರ್?" ಎಂದಳು ಫಹ್ಮಿದಾ.

"ಅವರು ಎಷ್ಟೊತ್ತಿಗೆ ಹೇಳ್ತಾರೋ! ಆಂಜನಮ್ಮನ ಮನೇಲಿ ಫೋನಿದೆಯಾ? ನಾನು ರಾತ್ರಿ ಕೆ.ಆರ್.ಪುರಕ್ಕೆ ಹೋಗಿ, ನಾಳೆ ಕೆಲಸಕ್ಕೆ ಬನ್ನಿ ಅಂತ ಬಾಗಿಲು ತಟ್ಲಾ? ಕಂಡ್ರೆ ನಿನಗೆ ರಜ, ಕಾಣ್ದಿದ್ರೆ ಅವರಿಗೆ. ಹೋಗಿ."

ಟೆರೇಸಿನ ಮೇಲೆ ಗಾಳಿ ತಂಪಾಗಿತ್ತು. ಪಡುವಣಕ್ಕೆ ಮೋಡ ಕವಿದಿತ್ತು. ಅದನ್ನು ನೋಡಿ ಆಂಜನಮ್ಮನ ಎದೆ ಹಗುರಾಯಿತು. ಆಜಾನ್ ಕೇಳಿಸಿದ ಕೂಡಲೇ ಫಹ್ಮಿದಾ ಖರ್ಜೂರ ಬಾಯಿಗೆ ಹಾಕಿಕೊಂಡು, ನೀರು ಕುಡಿಯಲು ಮೂಲೆಯ ನಲ್ಲಿಯತ್ತ ಹೋದಳು. ಅಷ್ಟರಲ್ಲಿ ಮೋಡ ಒಂದು ಕಡೆ ಬಿರಿಯಿತು. ಬಿರುಕಿನಲ್ಲಿ ಚಂದ್ರ ಕಂಡ. ಕತ್ತರಿಸಿ ಎಸೆದ ಉಗುರಿನಷ್ಟು ತೆಳ್ಳಗೆ, ಸ್ವಚ್ಛವಾಗಿ.

ಕಾಣಬೇಡ ಎಂದು ಬೇಡಿಕೊಂಡವಳ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೋಡ ಮತ್ತೆ ಕೂಡಿಕೊಂಡಿತು.

ಫಹ್ಮಿದಾ ಬಾಯಿ ಒರೆಸಿಕೊಂಡು ಓಡಿ ಬಂದಳು. "ಕಂಡ್ತಾ ಅಕ್ಕಾ?"

"ಮೋಡ" ಎಂದಳು ಆಂಜನಮ್ಮ.

ಸುಳ್ಳೇನಲ್ಲ, ಮೋಡವಿತ್ತು. ಇಬ್ಬರೂ ಇನ್ನಷ್ಟು ಹೊತ್ತು ನಿಂತು ನೋಡಿದರು. ಒಬ್ಬಳು ಹುಡುಕುತ್ತಿದ್ದಳು, ಇನ್ನೊಬ್ಬಳು ಹುಡುಕುವವಳಂತೆ ನಿಂತಿದ್ದಳು. ಮೋಡ ಕದಲಲಿಲ್ಲ.

ಕೆಳಗೆ ಮುನಿರಾಜಪ್ಪ ಬ್ಯಾಗು ಹೆಗಲಿಗೇರಿಸಿಕೊಂಡೇ ನಿಂತಿದ್ದ. "ಏನಾಯ್ತು?"

"ಕಾಣ್ಲಿಲ್ಲ ಸಾರ್" ಎಂದಳು ಫಹ್ಮಿದಾ.

"ಸರಿ. ನಾಳೆ ನೀನು ಬಾ. ಆಂಜನಮ್ಮ, ನಿಮಗೆ ರಜ."

ಬಯಸಿದ್ದು ಸಿಕ್ಕಿತು. ಆಂಜನಮ್ಮ ಚೀಲ ತೆಗೆದುಕೊಂಡಳು. ಫಹ್ಮಿದಾ ರ‍್ಯಾಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರೋ ಕೆದಕಿ ಹೋಗಿದ್ದ ಶಾವಿಗೆ ಪೊಟ್ಟಣಗಳನ್ನು ಮತ್ತೆ ಜೋಡಿಸತೊಡಗಿದಳು. ಮಸೀದಿಯಲ್ಲಿ ಈದ್ ನಾಳೆಯೇ ಎಂದು ಹೇಳಿದರೂ ಅವಳು ಇಲ್ಲಿಗೇ ಬರಬೇಕು. ಅದು ಅವಳಿಗೂ ಗೊತ್ತಿತ್ತು. ಆದರೂ ತಲೆಯೆತ್ತಿ ನಕ್ಕಳು. "ಹೊರಡಿ ಅಕ್ಕಾ, ಬಸ್ ತಪ್ಪೋಗುತ್ತೆ. ನಿಮ್ಮಣ್ಣ ಬರ್ತಾರಲ್ಲ, ಚೆನ್ನಾಗಿ ಬಡಿಸಿ."

ಅವಳು ಒಂದು ಕೊಂಕು ಮಾತಾಡಿದ್ದರೆ ಆಂಜನಮ್ಮ ಹೋಗಿಬಿಡುತ್ತಿದ್ದಳೋ ಏನೋ. ಬಾಗಿಲವರೆಗೂ ಹೋದವಳು ನಿಂತಳು. ತಿರುಗಿ ಬಂದು ಮುನಿರಾಜಪ್ಪನ ಎದುರು ನಿಂತಳು.

"ಸಾರ್, ಚಂದ್ರ ಕಂಡ್ತು."

"ಈಗ ತಾನೆ ಕಾಣ್ಲಿಲ್ಲ ಅಂದ್ರಲ್ಲ?"

"ಅವಳಿಗೆ ಕಾಣ್ಲಿಲ್ಲ, ನನಗೆ ಕಂಡ್ತು. ಅವಳು ನೀರು ಕುಡೀತಿದ್ಲು. ನಾನು ಕೈ ಮುಗ್ದೆ, ಆಮೇಲೆ ಮೋಡ ಮುಚ್ಕೊಂಬಿಡ್ತು."

"ಮತ್ತೆ ಆಗ್ಲೇ ಯಾಕ್ರೀ ಹೇಳ್ಲಿಲ್ಲ?"

ಮುನಿರಾಜಪ್ಪ ಇಬ್ಬರ ಮುಖವನ್ನೂ ನೋಡಿ, ಮತ್ತೆ ಕೇಳಲಿಲ್ಲ. "ಹಾಗಾದ್ರೆ ನಾಳೆ ನೀವೇ ಬನ್ನಿ" ಎಂದಷ್ಟೇ ಹೇಳಿ ಹೊರಟುಹೋದ.

ಫಹ್ಮಿದಾ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಣ್ಣ, ಅಕ್ಕಾ?" ಎಂದಳು.

"ಬಂದ್ರೆ ಬರ್ತಾನೆ, ಹೋದ್ರೆ ಹೋಗ್ತಾನೆ. ನೀನು ಮನೆಗೆ ಹೋಗಿ ಹಬ್ಬ ಮಾಡು" ಎಂದು ಗಟ್ಟಿಯಾಗಿಯೇ ಹೇಳಿದ ಆಂಜನಮ್ಮ, ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೆ.ಆರ್.ಪುರ ಬರುವವರೆಗೂ ಅತ್ತಳು.

ಬೆಳಗ್ಗೆ ದೊಡ್ಡನೆಕ್ಕುಂದಿಗೆ ಹೋಗಿ ಹೇಳಿಬರಲು ಹೊತ್ತಿರಲಿಲ್ಲ. ಪಕ್ಕದ ಮನೆಯ ಪಟಾಲಮ್ಮನಿಗೆ, "ಅಣ್ಣ ಬಂದ್ರೆ ಅಂಗಡಿಗೆ ಹೋದ್ಲು ಅಂತ ಹೇಳಿ" ಎಂದಳು. ಬೇರೆ ಏನಾದರೂ ಒಳ್ಳೆಯ ಮಾತು ಹೇಳಿ ಕಳಿಸೋಣವೆಂದರೆ ಹೊಳೆಯಲಿಲ್ಲ.

ಅಂದು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರ ಕೆಲಸ ಒಬ್ಬಳ ಕೈಗೆ ಬಿದ್ದಿತ್ತು. ಮಸಾಲೆ ತುಂಬಿದರೆ ಎಣ್ಣೆ ಖಾಲಿ, ಎಣ್ಣೆ ತಂದರೆ ಅಕ್ಕಿ ಖಾಲಿ. ಎಲ್ಲರಿಗೂ ಅವಸರ, ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿತ್ತು. ತನ್ನ ಒಲೆಯೊಂದೇ ತಣ್ಣಗಿದೆ ಎಂದು ನೆನೆದಾಗಲೆಲ್ಲ ಆಂಜನಮ್ಮ ಪೊಟ್ಟಣಗಳನ್ನು ರ‍್ಯಾಕಿಗೆ ಕುಕ್ಕುತ್ತಿದ್ದಳು.

ಮಧ್ಯಾಹ್ನ ಸ್ಟೂಲು ಹತ್ತಿ ಮೇಲಿನ ಸಾಲು ತುಂಬುತ್ತಿದ್ದಾಗ ಬಾಗಿಲಲ್ಲಿ ಬೈಲಪ್ಪ ಕಾಣಿಸಿಕೊಂಡ. ಬಿಳಿ ಪಂಚೆ, ಹೊಸ ಟವೆಲ್ಲು, ಕೈಯಲ್ಲಿ ಸೊಸೆ ಕಟ್ಟಿಕೊಟ್ಟ ಊಟದ ಕ್ಯಾರಿಯರ್. ಮುಖ ಕೆಂಪಡರಿತ್ತು.

"ಹಬ್ಬದ ದಿನಾನೂ ಬಿಡ್ಲಿಲ್ವಲ್ಲೇ ಇದನ್ನ! ನಿನ್ನ ಬಾಗ್ಲ ಬೀಗ ನೋಡೋಕೆ ಬಂದಿದ್ನಾ ನಾನು?" ಇಡೀ ಅಂಗಡಿ ತಿರುಗಿ ನೋಡಿತು.

ಆಂಜನಮ್ಮ ಸ್ಟೂಲಿನ ಮೇಲೆಯೇ ನಿಂತಿದ್ದಳು. "ರಜ ನಂಗೇ ಸಿಕ್ಕಿತ್ತಣ್ಣ. ಬ್ಯಾಡ ಅಂದೆ."

"ಬ್ಯಾಡ ಅಂದ್ಯಾ? ನಾನು ಬರ್ತೀನಿ ಅಂತ ಗೊತ್ತಿದ್ದೂ?"

ಅವಳು ಹೇಳಿದಳು. ಫಹ್ಮಿದಾ ವಿಷಯ, ಮೋಡದ ವಿಷಯ, ತಾನು ಬಾಯಿ ಮುಚ್ಚಿಕೊಂಡಿದ್ದು, ಬಾಗಿಲಿನಿಂದ ತಿರುಗಿ ಬಂದದ್ದು, ಒಂದನ್ನೂ ಬಿಡದೆ ಹೇಳಿದಳು. "ತಿಂಗ್ಳೆಲ್ಲ ಉಪವಾಸ ಇದ್ದೋಳಣ್ಣ. ಕಂಡಿದ್ದನ್ನ ಕಾಣ್ಲಿಲ್ಲ ಅಂದ್ಕೊಂಡು ನಿನಗೆ ಹೆಂಗೆ ಊಟಕ್ಕಿಕ್ಲಿ?"

ಬೈಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸುವುದಕ್ಕೆ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ. "ನಿನ್ನೆ ನಾನೂ ನೋಡ್ದೆ ಚಂದ್ರನ್ನ, ಕೆರೆ ಏರಿ ಮೇಲಿಂದ" ಎಂದ. ದನಿ ಇಳಿದಿತ್ತು. "ಮೊಮ್ಮಗೂನೂ ಎತ್ಕೊಂಡು ತೋರಿಸ್ದೆ. ನಿನಗೆ ಯಾವಾಗ ಬಿಡ್ತಾರೆ?"

"ಸಂಜೆಗೆ."

"ಸರಿ, ಇರ್ತೀನಿ" ಎಂದು ಕ್ಯಾರಿಯರ್ ಕೆಳಗಿಟ್ಟು, ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತ.

"ಅಲ್ಲೀವರ್ಗೂ ಹಸ್ಕೊಂಡಿರ್ತೀಯಾ? ತಿನ್ನಣ್ಣ ನೀನು."

"ನೀನು ತಿನ್ನದೆ ನಾನು ತಿಂದ್ಕೊಂಡು ಹೋಗೋಕೆ ಇಷ್ಟು ದೂರ ಬಂದ್ನಾ? ಕೆಲಸ ನೋಡು."

ಆಂಜನಮ್ಮ ರ‍್ಯಾಕಿನ ಕಡೆ ತಿರುಗಿಕೊಂಡಳು. ಆಗ ಕಾರಿನ ಕೀ ಹಿಡಿದ ಒಬ್ಬಾಕೆ ಜನರ ನಡುವೆ ನುಗ್ಗಿ ಬಂದು, ಬೈಲಪ್ಪನನ್ನೇ ಅಂಗಡಿಯವನೆಂದುಕೊಂಡು, "ರೀ, ಗಸಗಸೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಬೈಲಪ್ಪ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. ಇನ್ನೇನು ಬೈಗುಳ ಬಂತು ಎಂದುಕೊಂಡಳು ಆಂಜನಮ್ಮ.

"ನಂಗೊತ್ತಿಲ್ಲ ತಾಯಿ" ಎಂದ ಬೈಲಪ್ಪ, ಅಂಗಡಿಗೆಲ್ಲ ಕೇಳುವ ಹಾಗೆ. "ಅಗೋ, ಮೇಲೆ ನಿಂತಿದ್ದಾಳಲ್ಲ, ನನ್ನ ತಂಗಿ. ಇಲ್ಲೇ ಕೆಲಸ ಮಾಡೋದು. ಅವಳನ್ನ ಕೇಳಿ, ಕೊಡ್ತಾಳೆ."

ಆಂಜನಮ್ಮನಿಗೆ ಕಣ್ಣು ಮಂಜಾಗಿ ಪೊಟ್ಟಣವೊಂದೂ ಕಾಣಲಿಲ್ಲ. ಗಸಗಸೆ ಯಾವುದು, ಜೀರಿಗೆ ಯಾವುದು ತಿಳಿಯದೆ, ಆಕೆಯ ಕೈಗೆ ಎರಡನ್ನೂ ಕೊಟ್ಟುಬಿಟ್ಟಳು.