ಜುಂಜಮ್ಮನ ಬಲಗಾಲು

ಮಕ್ಕಳ ಪುಸ್ತಕದಲ್ಲಿ ಕುಂಟುವ ಹುಡುಗಿ ಬೇಡ ಎಂದು ಅಪ್ಪ ಮಲ್ಲಿಕಾರ್ಜುನಯ್ಯ ಹೇಳಿದಾಗ ಸರ್ವಮಂಗಳಾ ಉಳಿ ಮಸೆಯುತ್ತಿದ್ದಳು. ಮಸೆಯುವುದನ್ನು ನಿಲ್ಲಿಸಲಿಲ್ಲ.

ಮಧುಗಿರಿಯ ಆ ಪ್ರೆಸ್ಸು ಅಪ್ಪನದು. ಲಗ್ನಪತ್ರಿಕೆಯ ಗಣಪತಿಗಳು ಮಗಳವು. ಲಿನೋ ಎಂಬ ರಬ್ಬರಿನಂಥ ದಪ್ಪ ಹಾಳೆಯಲ್ಲಿ ಅವಳು ಕೆತ್ತಿದ ಗಣಪತಿಯೇ ಬೇಕೆಂದು ಸಿರಾ, ಪಾವಗಡದಿಂದಲೂ ಜನ ಬರುತ್ತಿದ್ದರು. ಎಂಬತ್ತೊಂದರ ಬೇಸಿಗೆ, ಲಗ್ನದ ಕೆಲಸ ಮುಗಿದ ಮೇಲೆ, ಚಿತ್ರಪುಸ್ತಕ ಮಾಡಿಕೋ ಎಂದು ಅಪ್ಪನೇ ಒಪ್ಪಿದ್ದರು. ಯಾರ ಚಿತ್ರ ಎಂದು ಆಗ ಕೇಳಿರಲಿಲ್ಲ.

ಜುಂಜಮ್ಮ ಮಿಡಿಗೇಶಿ ಕಡೆಯ ಹಟ್ಟಿಯವಳು. ತಾಯಿ ಕರಿಯಕ್ಕ ಸಂತೆಗೆ ತುಪ್ಪ ತಂದಾಗ ಮಗಳನ್ನು ಪ್ರೆಸ್ಸಿನ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದಳು. ಪೋಲಿಯೋದಿಂದ ಸೊರಗಿದ ಬಲಗಾಲು. ಮಂಡಿಯ ಮೇಲೆ ಕೈಯೂರಿ ನಡೆಯುತ್ತಿದ್ದಳು. ಹಾಗೆಯೇ ಕುರಿಮರಿಗಳ ಹಿಂದೆ ಓಡುತ್ತಲೂ ಇದ್ದಳು. ಆ ಓಟವನ್ನೇ ಸರ್ವಮಂಗಳಾ ಚಿತ್ರವಾಗಿ ಬರೆದಿದ್ದಳು.

“ಲಂಗ ಒಂದಿಷ್ಟು ಉದ್ದ ಮಾಡಮ್ಮ, ಕಾಲು ಮುಚ್ಚೋಗುತ್ತೆ. ನೋಡಿದ ಮಕ್ಕಳು ನೊಂದ್ಕೊಳ್ಳಲ್ವಾ?”

“ನೊಂದ್ಕೊಳ್ಳೋರು ದೊಡ್ಡೋರು, ಅಪ್ಪಾಜಿ. ಮಕ್ಕಳು ಇವಳ ಜೊತೆ ಆಡ್ತಾರೆ.”

ಸಿಟ್ಟಿನಲ್ಲೇ ಕೆತ್ತಿದಳು. ಮುಂದಿನ ಸಂತೆಯ ದಿನ, ಮಸಿ ಹಚ್ಚಿ ತೆಗೆದ ಮೊದಲ ಹಾಳೆಯನ್ನು ಜುಂಜಮ್ಮನ ಕೈಗಿಟ್ಟಳು. ಹುಡುಗಿ ಎದ್ದು ನಿಂತು, ತನ್ನ ಮಂಡಿಗೆ ಕೈಯೂರಿ, ಚಿತ್ರವನ್ನೂ ಕಾಲನ್ನೂ ನೋಡಿದಳು.

“ಇವ್ಳು ನಾನಲ್ಲ ಕಣಕ್ಕಾ. ಇವ್ಳಿಗೆ ಎಡಗಾಲು ಹೋಗೈತೆ. ಯಾರೋ, ಪಾಪ.”

ಕೆತ್ತಿದ ಅಚ್ಚಿನಲ್ಲಿ ಬಲಕ್ಕಿದ್ದದ್ದು ಕಾಗದದ ಮೇಲೆ ಎಡಕ್ಕೆ ಬೀಳುತ್ತದೆ. ಆದ್ದರಿಂದ ಚಿತ್ರವನ್ನು ಮಗುಚಿ ಕೆತ್ತಬೇಕು. ಗಣಪತಿಯ ಸೊಂಡಿಲು ಬಲಕ್ಕೆ ಹೊರಳಿದರೆ ಹಿರಿಯರು ಇಡೀ ಪತ್ರಿಕೆಯನ್ನೇ ವಾಪಸು ತಂದಾರೆಂದು ಅಲ್ಲಿ ಅವಳು ಎಂದೂ ತಪ್ಪಿರಲಿಲ್ಲ. ದೇವರ ಸೊಂಡಿಲಿಗಿದ್ದ ಎಚ್ಚರ ಈ ಹುಡುಗಿಯ ಕಾಲಿಗೆ ಇರಲಿಲ್ಲ.

ಅಪ್ಪ ಇಣುಕಿದರು. ಹೇಗೂ ಇದು ಅವಳಲ್ಲ ಅಂತಾಯಿತು, ಇನ್ನು ಕುಂಟಿಸುವುದು ಯಾಕೆ, ನೆಟ್ಟಗೆ ಮಾಡಿಬಿಡು ಎಂದರು. ಸರ್ವಮಂಗಳಾ ಅಚ್ಚಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಉಳಿ ಎಳೆದು ಅದನ್ನು ಹಾಳುಮಾಡಿದಳು. ಹೊಸ ಲಿನೋ ಹಾಳೆ ತಂದಳು. ಜುಂಜಮ್ಮನನ್ನು ಗೋಡೆಗನ್ನಡಿಯ ಮುಂದೆ ನಿಲ್ಲಿಸಿ, ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆ ಕೆತ್ತಿದಳು. ನಡುವೆ ಹುಡುಗಿ ಕುರಿಮರಿಯ ಕಿವಿ ಗಿಡ್ಡವಾಯಿತೆಂದು ತಕರಾರು ತೆಗೆದಳು. ಅದನ್ನೂ ಉದ್ದ ಮಾಡಿದ್ದಾಯಿತು.

ಮಲ್ಲಿಕಾರ್ಜುನಯ್ಯ ಮಿಷಿನ್ನಿಗೆ ಅಡ್ಡ ನಿಂತರು. “ಇದು ನನ್ನ ಪ್ರೆಸ್ಸಲ್ಲಿ ಆಗಲ್ಲ.”

“ಹಂಗಾದ್ರೆ ಶ್ರಾವಣದ ಲಗ್ನಗಳಿಗೆ ಗಣಪತಿ ಕೆತ್ತೋರನ್ನ ಬೇರೆ ಕಡೆ ನೋಡ್ಕೊಳ್ಳಿ.”

ಅವಳು ಗೊಣಗಲಿಲ್ಲ, ದನಿ ಏರಿಸಲಿಲ್ಲ. ಅಪ್ಪ ಅವಳ ಕೈಯಲ್ಲಿದ್ದ ಉಳಿಯನ್ನು ನೋಡಿದರು. ಯಾರೂ ಕೊಳ್ಳುವುದಿಲ್ಲ ಬಿಡು ಎನ್ನುತ್ತಾ ಪಕ್ಕಕ್ಕೆ ಸರಿದರು.

ಸರ್ವಮಂಗಳಾ ಅಚ್ಚು ಬಿಗಿದು ಪೆಡಲ್ ತುಳಿದಳು. ಹಸಿ ಮಸಿಯ ಹಾಳೆಗಳು ಒಂದರ ಹಿಂದೊಂದು ಬಿದ್ದವು. ಜುಂಜಮ್ಮ ಪ್ರತಿಯೊಂದನ್ನೂ ಎತ್ತಿ, ತನ್ನ ಬಲ ಮಂಡಿ ನೋಡಿಕೊಂಡು, “ನಾನೇ,” ಎಂದು ಬೆಂಚಿನ ಮೇಲೆ ಒಣಗಲು ಹಾಕುತ್ತಿದ್ದಳು.